ಜೇನುಹುಳದ ಹಿಂದಿನ ಗೆರೆ

ನಮ್ಮ ಅತ್ತೆಯ ಕೈಗೆ ಯಾವ ಕಾಗದ ಸಿಕ್ಕರೂ ಅದರ ನಾಲ್ಕು ಮೂಲೆಗಳೂ ನೋಡನೋಡುತ್ತಿದ್ದಂತೆ ದುಂಡಗಾಗಿಬಿಡುತ್ತಿದ್ದವು. ಬಸ್ಸಿನ ಟಿಕೆಟ್ಟು, ವೈದ್ಯರ ಚೀಟಿ, ಮದುವೆಯ ಕರೆಯೋಲೆ, ಕರೆಂಟು ಬಿಲ್ಲು, ಯಾವುದಕ್ಕೂ ವಿನಾಯಿತಿಯಿರಲಿಲ್ಲ. ಎದುರಿಗಿದ್ದವರ ಮಾತಿಗೆ ಹೂಂಗುಟ್ಟುತ್ತಲೇ ಜೇಬಿನಿಂದ ಪುಟ್ಟ ಕತ್ತರಿ ತೆಗೆದು, ನಾಲ್ಕು ಬಾರಿ ಆಡಿಸಿ, ಉದುರಿದ ಚೂರುಗಳನ್ನು ಅಂಗೈಗೆ ಬಳಿದುಕೊಂಡು ಮತ್ತೆ ಅದೇ ಜೇಬಿಗೆ ಸೇರಿಸುತ್ತಿದ್ದಳು. ನನ್ನ ಪದವಿಯ ಅಂಕಪಟ್ಟಿಗೂ ಒಮ್ಮೆ ಅದೇ ಗತಿಯಾಯಿತು. ಕೆಲಸದ ಸಂದರ್ಶನದಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಅಧಿಕಾರಿ, “ಇದೇನ್ರೀ, ಇಲಿ ತಿಂದಿದ್ಯಾ?” ಎಂದು ಕೇಳಿದರು. ಮನೆಗೆ ಬಂದು ಹೇಳಿದರೆ ಅತ್ತೆ ನನ್ನ ಮೇಲೆಯೇ ರೇಗಿದಳು: “ಇಲಿ ಇಷ್ಟು ಅಚ್ಚುಕಟ್ಟಾಗಿ ತಿನ್ನುತ್ತಾ ಅಂತ ನೀನು ಕೇಳ್ಬೇಕಿತ್ತು. ಅಷ್ಟೇ ತಾನೆ?”

ಈ “ಅಷ್ಟೇ ತಾನೆ” ಅವಳ ಮಾತಿನ ಪೂರ್ಣವಿರಾಮ. ಅದು ಪ್ರಶ್ನೆಯ ರೂಪದಲ್ಲಿದ್ದರೂ ಉತ್ತರವನ್ನು ಅಪೇಕ್ಷಿಸುತ್ತಿರಲಿಲ್ಲ.

ಅತ್ತೆ, ಅಂದರೆ ನನ್ನ ತಂದೆಯ ಅಕ್ಕ, ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಶೀಶೆಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸ ಮಾಡಿದವಳು. ತಣ್ಣನೆಯ ಕಪಾಟಿನೊಳಗಿಟ್ಟ ಶೀಶೆಗಳ ಮೇಲೆ ನೀರಾಡಿ ಚೀಟಿಗಳು ಸಡಿಲವಾಗುತ್ತಿದ್ದವಂತೆ. ಮೊದಲು ಮೇಲೇಳುತ್ತಿದ್ದುದು ಮೂಲೆಯಂತೆ. “ಚೀಟಿ ಬಿದ್ದುಹೋದ್ರೆ ಒಬ್ಬರ ಕಾಯಿಲೆ ಇನ್ನೊಬ್ಬರದಾಗುತ್ತೆ ಕಣೋ. ಚೂಪು ಮೂಲೆ ಇದ್ರೆ ಅಲ್ಲಿಂದ್ಲೇ ಏಳುತ್ತೆ. ದುಂಡಗಿದ್ರೆ ಎಲ್ಲಿಂದ ಏಳ್ಬೇಕು ಅಂತ್ಲೇ ಅದಕ್ಕೆ ಗೊತ್ತಾಗಲ್ಲ” ಎನ್ನುತ್ತಿದ್ದಳು. ನಿವೃತ್ತಳಾದ ಮೇಲೂ ಲ್ಯಾಬಿನ ಬಿಳಿ ಕೋಟನ್ನು ಬಿಡಲಿಲ್ಲ. ಮೊಣಕೈ ಹತ್ತಿರ ಸವೆದು ಜಾಳಾಗಿದ್ದ ಆ ಕೋಟಿನ ಬಲಜೇಬಿನಲ್ಲಿ ಕತ್ತರಿ, ಟೇಪಿನ ಸುರುಳಿ, ಒಂದು ಚಮಚ, ಸವೆದ ನಾಣ್ಯವೊಂದು ಸದಾ ಇರುತ್ತಿದ್ದುದರಿಂದ ಅವಳ ನಡಿಗೆಯೇ ಬಲಕ್ಕೆ ಕೊಂಚ ವಾಲಿತ್ತು. ಬೀದಿಯ ಆ ತುದಿಯಲ್ಲಿ ಬರುತ್ತಿದ್ದರೂ ಇವಳೇ ಎಂದು ಗೊತ್ತಾಗುತ್ತಿತ್ತು. ಕೇರಿಯ ಮಕ್ಕಳ ಬಾಯಲ್ಲಿ ಅವಳು ಕತ್ತರಿ ಅತ್ತೆ.

ನಾನೂ ನನ್ನ ಹೆಂಡತಿಯೂ ಜೇನುಪೆಟ್ಟಿಗೆಗಳನ್ನಿಟ್ಟು, ಜೇನು ಸೋಸಿ, ಬಾಟಲಿಗೆ ತುಂಬಿ ಮಾರತೊಡಗಿದಾಗ ಸ್ಟಿಕ್ಕರಿನ ಕೆಲಸವನ್ನು ಅತ್ತೆ ಕೇಳಿ ಪಡೆಯಲಿಲ್ಲ, ಕಸಿದುಕೊಂಡಳು. ಪೆನ್ನಿನಲ್ಲಿ ಒಂದು ಜೇನುಹುಳ ಬರೆದಳು. ಹೊಟ್ಟೆ ತುಸು ದಪ್ಪವಾಗಿ, ಊಟ ಮುಗಿಸಿ ಹೊರಟಂತಿದ್ದ ಹುಳ. ಪ್ರತಿ ಸಲ ಅವಳು ತರುವ ಆ ಚಿತ್ರವನ್ನು ನಾನು ಮನೆಯ ಪ್ರಿಂಟರಿನ ಗಾಜಿನ ಮೇಲಿಟ್ಟು, ಅಂಟುಹಾಳೆಯ ಮೇಲೆ ಹಾಳೆಗೆ ಹನ್ನೆರಡರಂತೆ ನಕಲು ಮುದ್ರಿಸಿ, ಚಿತ್ರವನ್ನು ಅವಳಿಗೇ ಹಿಂದಿರುಗಿಸಬೇಕು. ಅವಳು ಆ ಹಾಳೆಗಳನ್ನು ತನ್ನ ಮಂಚದ ತುಂಬ ಹರಡಿ, ಶಾಯಿ ಆರುವ ತನಕ ತಾನು ಕುರ್ಚಿಯಲ್ಲಿ ಕೂತು ಕಾದು, ನೀರು ತಾಗಿದರೆ ಬಣ್ಣ ಬಿಡದಂತೆ ಮೇಲೆ ಪಾರದರ್ಶಕ ಟೇಪು ಎಳೆದು, ಗಾಳಿಗುಳ್ಳೆ ಉಳಿಯದಂತೆ ಚಮಚದ ಬೆನ್ನಿನಿಂದ ಉಜ್ಜಿ, ಕತ್ತರಿಸಿ, ಮೂಲೆಗೆ ನಾಣ್ಯವಿಟ್ಟು ಗೆರೆಯೆಳೆದು ದುಂಡಗೆ ಮಾಡುತ್ತಿದ್ದಳು. ಒಂದೊಂದು ಸ್ಟಿಕ್ಕರೂ ತುಸು ಸೊಟ್ಟ, ತುಸು ಬೇರೆ. ನನ್ನ ಹೆಂಡತಿ ನಗುತ್ತಾ, “ಅತ್ತೆ, ಈ ಹುಳಕ್ಕೆ ಒಂದು ರೆಕ್ಕೆ ಮೋಟು” ಎಂದರೆ, “ದಿನಾ ಅಷ್ಟು ದೂರ ಹಾರಿದ್ರೆ ನಿನ್ನದೂ ಮೋಟಾಗುತ್ತೆ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ದೊಡ್ಡ ಅಂಗಡಿಯೊಂದು ನಮ್ಮ ಜೇನನ್ನು ಇಟ್ಟುಕೊಳ್ಳಲು ಒಪ್ಪಿತು. ಅಂಗಡಿಯವರು ಬಾಟಲಿಯನ್ನು ಬೆಳಕಿಗೆ ಹಿಡಿದು, “ಜೇನೇನೋ ಚೆನ್ನಾಗಿದೆ. ಸ್ಟಿಕ್ಕರ್ ಮಾತ್ರ ಮನೇಲಿ ಮಾಡಿದ ಹಾಗಿದೆ. ಒಂದೇ ಥರ ಇರೋದು ಮಾಡಿಸಿ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ವಾರಕ್ಕೆ ಬೇಕಾಗುವಷ್ಟನ್ನು ಒಂದು ಜೀವ ಕೂತು ಕತ್ತರಿಸುವುದೂ ಆಗದ ಮಾತು. ಪ್ರೆಸ್ಸಿನವರು ಮೂಲಚಿತ್ರ ಕೇಳಿದರು. ಅದು ಅತ್ತೆಯ ಪೆಟ್ಟಿಗೆಯಲ್ಲಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಯವಾಗಿ ಹೇಳೋಣವೆಂದು ಎರಡು ಸಲ ಅವಳ ಮನೆಯ ಮೆಟ್ಟಿಲು ಹತ್ತಿದೆ. ಎರಡು ಸಲವೂ ಮಂಚದ ಮೇಲೆ ಹಾಳೆಗಳು ಹರಡಿದ್ದವು, ಅವಳು ಕಾಯುತ್ತಾ ಕೂತಿದ್ದಳು, ಟೇಪು ಸಾಕೇ ಎಂದಷ್ಟೇ ಕೇಳಿ ಮೆಟ್ಟಿಲಿಳಿದೆ. ಕೊನೆಗೆ ಅವಳೇ ಮಾಡಿಕೊಟ್ಟಿದ್ದ ಕಟ್ಟಿನಿಂದ ಒಂದು ಸ್ಟಿಕ್ಕರನ್ನು ತೆಗೆದು ಪ್ರೆಸ್ಸಿಗೆ ಕೊಟ್ಟೆ. ಅವರು ಅದನ್ನೇ ಸ್ಕ್ಯಾನ್ ಮಾಡಿಕೊಂಡು ಸಾವಿರಗಟ್ಟಲೆ ಅಚ್ಚು ಹಾಕಿದರು.

ಸ್ಟಿಕ್ಕರುಗಳು ಸುರುಳಿಯಾಗಿ ಬಂದವು. ನುಣುಪಾಗಿದ್ದವು, ಒಂದರಂತೆ ಇನ್ನೊಂದಿದ್ದವು, ನೀರಿಗೆ ಹೆದರುತ್ತಿರಲಿಲ್ಲ. ಹುಳದ ಹಿಂದೆ ಸಣ್ಣಗೆ ಬಾಗಿದ ಒಂದು ಗೆರೆಯಿತ್ತು. ಅತ್ತೆ ಬರೆದ ಹಾರಾಟದ ಜಾಡು ಇರಬೇಕು, ಇಷ್ಟು ದಿನ ನಾನೇ ಗಮನಿಸಿರಲಿಲ್ಲ ಎಂದುಕೊಂಡೆ. ಅಂಗಡಿಯವರು ಅದನ್ನೇ ಮೆಚ್ಚಿದರು. “ಆ ಒಂದು ಗೆರೆ ನೋಡಿ, ಅದರಿಂದ್ಲೇ ಹುಳ ಹಾರ್ತಾ ಇದೆ ಅನ್ಸುತ್ತೆ” ಎಂದರು.

ಅತ್ತೆ ಮಾತ್ರ ತನ್ನ ಪಾಡಿಗೆ ಕತ್ತರಿಸುತ್ತಲೇ ಇದ್ದಳು. ನಾನು ಎಂದಿನಂತೆ ಹಾಳೆ ಮುದ್ರಿಸಿ ಕೊಡುತ್ತಿದ್ದೆ, ಅವಳು ಎಂದಿನಂತೆ ಕಟ್ಟು ತಂದುಕೊಡುತ್ತಿದ್ದಳು, ನಾನು ಅದನ್ನು ಬೀರುವಿನಲ್ಲಿ ಟವೆಲ್ಲುಗಳ ಕೆಳಗೆ ಮುಚ್ಚಿಡುತ್ತಿದ್ದೆ. “ಹೇಳಿಬಿಡಿ, ಇಲ್ಲಾಂದ್ರೆ ನಾನೇ ಹೇಳ್ತೀನಿ” ಎಂದು ಹೆಂಡತಿ ಗದರಿದಾಗಲೆಲ್ಲ ಮುಂದಿನ ವಾರ ಎಂದೆ. ಮುದುಕಿಯ ಸಂತೋಷವನ್ನು ಕೆಡಿಸಬಾರದು ಎಂಬ ನೆಪ ನನಗೆ ಬಹಳ ಉದಾತ್ತವಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಅವಳ ಕಣ್ಣಿಗೆ ಪೊರೆ ಬಂದಿತ್ತು. ಸ್ಟಿಕ್ಕರನ್ನು ಮೂಗಿನ ಹತ್ತಿರ ಹಿಡಿದು ಕತ್ತರಿಸುತ್ತಿದ್ದಳು. ಆಪರೇಷನ್ ಮಾಡಿಸಿಕೋ ಎಂದರೆ, “ಮಾಡಿಸ್ಕೊಂಡ್ರೆ ಒಂದು ತಿಂಗಳು ಕಣ್ಣಿಗೆ ಆಯಾಸ ಮಾಡ್ಬಾರ್ದಂತೆ. ಅಂಗಡಿಯವರು ಸುಮ್ನೆ ಇರ್ತಾರಾ? ಸ್ವಲ್ಪ ಹಗುರಾಗ್ಲಿ, ನೋಡೋಣ” ಎನ್ನುತ್ತಿದ್ದಳು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ, ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ನಮ್ಮ ಮನೆಗೆ ಬಂದು, ಕೋಟಿನ ಜೇಬಿನಿಂದ ನಮ್ಮದೇ ಜೇನಿನ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಟೇಪು ಮುಗಿದಿದೆಯೆಂದು ಆ ದೊಡ್ಡ ಅಂಗಡಿಗೇ ಹೋಗಿದ್ದಳಂತೆ. ಅವಳು ಹೆಬ್ಬೆರಳಿನಿಂದ ಸ್ಟಿಕ್ಕರಿನ ಅಂಚನ್ನು ಸುತ್ತಲೂ ಸವರಿದಳು.

“ಮೂಲೆ ಚೆನ್ನಾಗಿ ದುಂಡಗೆ ಮಾಡಿದ್ದಾರೆ ಕಣೋ” ಎಂದಳು.

ಆಮೇಲೆ ಬಾಟಲಿಯನ್ನು ಮೂಗಿನ ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿದಳು. ಹುಳದ ಹಿಂದಿನ ಗೆರೆಯನ್ನು ಉಗುರಿನಿಂದ ಕೆರೆದಳು. ಅದು ಅಚ್ಚಾದ ಗೆರೆ, ಏಳಲಿಲ್ಲ.

“ಈ ಗೆರೆ ನಾನು ಬರೆದಿಲ್ಲ.”

“ಮತ್ತೆ ಯಾರು ಬರೆದದ್ದು ಅತ್ತೆ?”

“ಯಾರೂ ಬರೆದಿಲ್ಲ. ನನ್ನ ಕೂದಲು ಅದು. ಟೇಪಿನ ಕೆಳಗೆ ಸಿಕ್ಕಿಕೊಂಡಿದೆ. ಅಯ್ಯೋ ದೇವರೇ, ಊರಿಗೆಲ್ಲ ನನ್ನ ಕೂದಲು ಹಂಚಿದ್ದೀಯಲ್ಲೋ!” ಎಂದು ನಕ್ಕಳು. ನನ್ನ ಹೆಂಡತಿಗೂ ನಗು ಬಂತು, ನನಗೂ ಬಂತು. ನಾವಿಬ್ಬರೂ ಇನ್ನೂ ನಗುತ್ತಿರುವಾಗಲೇ ಅವಳು ನಿಲ್ಲಿಸಿ ಕೇಳಿದಳು:

“ಎಷ್ಟು ದಿನ ಆಯ್ತು?”

“ಆರು ತಿಂಗಳು.”

“ಹಾಗಾದ್ರೆ ನಾನು ಮಾಡ್ಕೊಟ್ಟಿದ್ದು?”

ಹೆಂಡತಿ ಎದ್ದುಹೋಗಿ ಬೀರು ತೆರೆದು ಕಟ್ಟುಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟಳು. ಅತ್ತೆ ಅವುಗಳನ್ನು ಬಿಚ್ಚಲಿಲ್ಲ, ಮುಟ್ಟಿಯೂ ನೋಡಲಿಲ್ಲ. ಬಯ್ಯುತ್ತಾಳೆಂದು ತಲೆ ತಗ್ಗಿಸಿ ಕಾದೆ. ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಪ್ರೆಸ್ಸಿನದೇ ಚೆನ್ನಾಗಿದೆ, ಅದರಲ್ಲೇನು ತಪ್ಪು? ಒಂದು ಮಾತು ಹೇಳಿದ್ದಿದ್ರೆ ನಾನು ಹೋಗಿ ಕಣ್ಣು ಮಾಡಿಸ್ಕೊಂಡು ಬರ್ತಿದ್ದೆ. ಅಷ್ಟೇ ತಾನೆ?” ಎಂದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಮುಂದಿನ ಸಲ ಆ ಕೂದಲು ತೆಗೆಸ್ಬಿಡು. ತಿನ್ನೋ ಪದಾರ್ಥದ ಮೇಲೆ ಅಂಥದ್ದೆಲ್ಲ ಇರಬಾರದು” ಎಂದು ಸೇರಿಸಿದಳು.

ಅದೇ ವಾರ ನಾನೇ ಅವಳನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದೆ. ಬಲಗಣ್ಣು ಸರಿಹೋಯಿತು. ಎಡಗಣ್ಣನ್ನು ಬೆಳಕು ಬಿಟ್ಟು ನೋಡಿದ ವೈದ್ಯರು, ಪೊರೆ ಬಲಿತು ಒಳಗೆ ಒತ್ತಡವೇರಿ ನರ ಕೆಟ್ಟಿದೆ, ನಾಲ್ಕೈದು ತಿಂಗಳು ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಅತ್ತೆ ನನ್ನ ಮುಖ ನೋಡಲಿಲ್ಲ. “ಒಂದಿದೆಯಲ್ಲ, ಸಾಕು” ಎಂದು ವೈದ್ಯರಿಗೇ ಸಮಾಧಾನ ಹೇಳಿದಳು.

ಕೂದಲನ್ನು ತೆಗೆಸಿದೆ. ಅವಳ ಮಾತನ್ನು ತಡಮಾಡದೆ ನಡೆಸಿಕೊಟ್ಟದ್ದು ಅದೊಂದೇ. ಹೊಸ ಸುರುಳಿಯಲ್ಲಿ ಹುಳ ಹಾರುವುದಿಲ್ಲ, ಕಾಗದದ ಮೇಲೆ ಸುಮ್ಮನೆ ಕೂತಿದೆ. ಅಂಗಡಿಯವರಿಗೆ ಏನು ಬದಲಾಯಿತೆಂದು ಗೊತ್ತಾಗಲಿಲ್ಲ, ಏನೋ ಕಡಿಮೆಯಾಗಿದೆ ಎಂದಷ್ಟೇ ಅಂದರು. ಅತ್ತೆಯ ಕೋಟು ಈಗ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿದೆ, ನಡಿಗೆಯ ವಾಲು ಹೋಗಿ ನೆಟ್ಟಗೆ ನಡೆಯುತ್ತಾಳೆ. ಮೊನ್ನೆ ನಮ್ಮ ಹೊಸ ಮನೆಯ ಗೃಹಪ್ರವೇಶದ ಕರೆಯೋಲೆಯನ್ನು ಅವಳ ಕೈಗಿತ್ತೆ. ಒಂದೇ ಕಣ್ಣಿನಿಂದ ಓದಿ, ಸಂತೋಷ ಎಂದು, ನಾಲ್ಕು ಚೂಪು ಮೂಲೆಗಳ ಸಮೇತ ಹಾಗೇ ಮೇಜಿನ ಮೇಲಿಟ್ಟಳು.

ಕೈಕೆಲಸವನ್ನೇ ನಂಬಿ ಬಾಳಿದ ಇಂಥ ಹಿರಿಯರು ಎಲ್ಲ ಕುಟುಂಬಗಳಲ್ಲೂ ಒಬ್ಬರಾದರೂ ಇರುತ್ತಾರೆ. ‘ಇನ್ನು ಬೇಡ’ ಎಂಬ ಮಾತನ್ನು ಅವರು ತಾಳಲಾರರೆಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಯಂತ್ರ ಬಂದದ್ದನ್ನೂ ತಮ್ಮ ಕಾಲ ಮುಗಿದದ್ದನ್ನೂ ಅವರು ನಮಗಿಂತ ಹಗುರವಾಗಿ ಸಹಿಸುತ್ತಾರೆ. ಹೇಳುವ ಒಂದು ಗಳಿಗೆಯ ಮುಜುಗರವನ್ನು ತಾಳಲಾರದವರು ನಾವು. ಒಳಗೇನಿದೆಯೋ ಅದನ್ನೇ ಹೊರಗೆ ಬರೆದಿರಬೇಕು ಎಂಬ ಒಂದೇ ನಿಷ್ಠೆಯಲ್ಲಿ ಅತ್ತೆ ಮೂವತ್ತೊಂದು ವರ್ಷ ಯಾರುಯಾರದೋ ಶೀಶೆಗಳನ್ನು ಕಾದಳು. ಅವಳೆದುರಿಗೆ ನಾನು ಆರು ತಿಂಗಳು ತಪ್ಪು ಚೀಟಿ ಅಂಟಿಸಿಕೊಂಡು ಓಡಾಡಿದೆ.