ರಾಣಿ, ಕೋಪ, ಬೇಡ

ಹೆಸರೇ ಶ್ರೀಮತಿ ಆದದ್ದರಿಂದ ಡೊಂಬಿವಲಿಯ ತಾಳಮದ್ದಳೆ ಕೂಟದ ಕರಪತ್ರದಲ್ಲಿ ‘ಶ್ರೀಮತಿ ಶ್ರೀಮತಿ ಪುಂಡರೀಕಾಕ್ಷ ರಾವ್’ ಎಂದು ಅಚ್ಚಾಯಿತು. ವಾಟ್ಸಾಪಿನಲ್ಲಿ ಅದನ್ನು ಕಂಡವರೆಲ್ಲ ನಕ್ಕರು. ನಗದೇ ಇದ್ದವರು ಅವಳ ಗಂಡ ಒಬ್ಬರೇ. ಎರಡು ಸಲ ಅಚ್ಚಾಯಿತು ಎಂದಲ್ಲ, ಒಂದು ಸಲವಾದರೂ ಅಚ್ಚಾಯಿತಲ್ಲ ಎಂದು!

ರಾಯರು ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲು ನಡೆಸುವವರು. ಆದಿತ್ಯವಾರ ಬಂತೆಂದರೆ ಕೂಟದ ಭಾಗವತರು. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಯಾದವನು ರಾಜನೋ ರಾಣಿಯೋ ಆಗಿ ಕೂತಲ್ಲೇ ಮಾತು ಕಟ್ಟುತ್ತಾನೆ. ಮದುವೆಯಾದಂದಿನಿಂದ ಶ್ರೀಮತಿ ಆ ಮಾತುಗಳಿಗೆ ಕಿವಿಯಾಗಿದ್ದಳೇ ಹೊರತು ಬಾಯಿಯಾಗಿರಲಿಲ್ಲ. ಬಾಯಿ ಇರಲಿಲ್ಲವೆಂದು ಯಾರು ಹೇಳಿದರು? ಸಾಸಿವೆ ಸಿಡಿಯುವಾಗ ಒಬ್ಬಳೇ ನಿಂತು ಅವಳು ಎಷ್ಟು ಮಂದಿ ಮಹಾರಾಜರ ಬಾಯಿ ಮುಚ್ಚಿಸಿದ್ದಳೋ, ಆ ಒಗ್ಗರಣೆಗೇ ಗೊತ್ತು.

ಈ ವರ್ಷದ ಅರ್ಥಗಾರಿಕೆಯ ಸ್ಪರ್ಧೆಗೆ ಹೆಂಗಸರೂ ಬರಬಹುದೆಂದು ಕಾರ್ಯದರ್ಶಿ ನಳಿನಾಕ್ಷಿ ಹೇಳಿದ್ದೇ ತಡ, ಶ್ರೀಮತಿ ಮನೆಯಲ್ಲಿ ಕೇಳದೆ ಹೆಸರು ಕೊಟ್ಟುಬಿಟ್ಟಳು.

“ಕೊಟ್ಟದ್ದು ಕೊಟ್ಟೆ,” ಎಂದರು ರಾಯರು. “ಆದ್ರೆ ಸಭೆಯಲ್ಲಿ ಬಾಯಿ ಕಟ್ಟಿ ಕೂತ್ರೆ ನನ್ನ ಮರ್ಯಾದೆ ಹೋಗ್ತದೆ. ಹಾಗಾದ್ರೆ ಇನ್ನೊಮ್ಮೆ ಅರ್ಥ ಗಿರ್ಥ ಅಂತ ಹೇಳ್ಲಿಕ್ಕಿಲ್ಲ. ಆಯ್ತಾ?”

“ಆಯ್ತು. ಬಾಯಿ ಕಟ್ಟದಿದ್ರೆ?”

“ಮೊದ್ಲು ಮಾತಾಡು. ಮತ್ತೆ ನೋಡುವ.”

ಅಲ್ಲಿಗೆ ಅವಳ ನಿದ್ದೆ ಹಾರಿತು. ಒಂದೇ ಅವಕಾಶ, ಒಂದೇ ಪದ್ಯ! ಯಾವ ಪದ್ಯ ಬರುತ್ತದೋ ದೇವರಿಗೂ ಗೊತ್ತಿರಲಿಲ್ಲ. ಹಳೆಯ ಪ್ರಸಂಗಗಳಿಂದ ಆರಿಸಿದರೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆಂದು ರಾಯರು ತಾವೇ ಹೊಸ ಪದ್ಯ ಕಟ್ಟಿ, ಬಾಗಿಲು ಹಾಕಿಕೊಂಡು ಹಾಡಿ, ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದರು. ರಾಜ, ರಾಣಿ, ದೂತ, ರಾಕ್ಷಸ ಎಂದು ಒಬ್ಬೊಬ್ಬರಿಗೆ ಒಂದು ಫೋಲ್ಡರು. ಅದರೊಳಗೆ ಕೋಪ, ಪ್ರೀತಿ, ದುಃಖ ಎಂದು ಮತ್ತೆ ಫೋಲ್ಡರು. ಹೋದ ವರ್ಷ ಚೀಟಿ ಎತ್ತಿದಾಗ ಮೋಸವಾಯಿತೆಂದು ಗುಸುಗುಸು ಎದ್ದಿತ್ತು. ಹಾಗಾಗಿ ಪದ್ಯ ಆರಿಸುವ ಕೆಲಸವನ್ನು ಮಗಳು ಸಂಜನಾ ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿಗೆ, ಅವಳ ಮಾತಿನಲ್ಲಿ ಶೆಲ್ ಸ್ಕ್ರಿಪ್ಟಿಗೆ, ವಹಿಸಿದ್ದಾಗಿತ್ತು.

ಸಂಜನಾ ಐರೋಲಿಯ ಆಫೀಸಿನಲ್ಲಿ ಇಡೀ ದಿನ ಮಾಡುವುದು ಇಂಥದ್ದೇ ಕೆಲಸ. ಹಾಡು ಕೇಳಿಸಬಾರದೆಂದು ಅಪ್ಪ ತಾಕೀತು ಮಾಡಿದ್ದರಿಂದ ಫೋಲ್ಡರಿನ ಹೆಸರನ್ನಷ್ಟೇ ನೋಡುತ್ತ ಊಟದ ಮೇಜಿನ ಮೇಲೆ ಸ್ಕ್ರಿಪ್ಟು ಓಡಿಸಿದಳು. ರಾಕ್ಷಸ ಬಂದ. ಮತ್ತೆ ಓಡಿಸಿದಳು. ದೂತ. ಆಮೇಲೆ ರಾಕ್ಷಸ. ಪುನಃ ರಾಕ್ಷಸ!

“ಎಂತ ಮಾರಾಯ್ತಿ, ಇವನಿಗೆ ಬೇರೆ ಕೆಲಸ ಇಲ್ವಾ?” ಎಂದಳು ಶ್ರೀಮತಿ.

“ಥಾಂಬ್ ನಾ ಅಮ್ಮಾ, ಸ್ವಲ್ಪ ನಿಲ್ಲು!” ಎಂದು ಎಂದಿನಂತೆ ಮರಾಠಿ ಬೆರೆಸಿ ಹೇಳಿ ಸಂಜನಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ನೋಡನೋಡುತ್ತಿದ್ದಂತೆ ಅವಳ ಮುಖ ಅರಳಿತು. “ಅರೇ, ಸಮಜ್ಲಂ! ನಾನು ಮೊದ್ಲು ಒಂದು ಫೋಲ್ಡರ್ ಆರಿಸು, ಮತ್ತೆ ಅದರ ಒಳಗೆ ಆರಿಸು ಅಂತ ಬರ್ದಿದ್ದೆ. ರಾಣಿ ಮನೇಲಿ ತುಂಬಾ ಜನ, ರಾಕ್ಷಸನ ಮನೇಲಿ ಅವನು ಒಬ್ನೇ. ಎರಡು ಮನೆಗೂ ಸೇಮ್ ಚಾನ್ಸ್ ಕೊಟ್ರೆ ಒಬ್ನೇ ಇರೋನು ಸಾರ್ಖಾ ಸಾರ್ಖಾ, ಮತ್ತೆ ಮತ್ತೆ ಬರ್ತಾನೆ ನಾ!”

ಅವಳು ಪಟಪಟನೆ ಹಳೆಯದನ್ನು ಅಳಿಸಿ ಒಂದೇ ಸಾಲು ಬರೆದಳು. ಅದರಲ್ಲಿ ಫೈಂಡ್ ಎಂಬ ಆಜ್ಞೆ ಎಲ್ಲ ಫೋಲ್ಡರುಗಳ ಒಳಗೆ, ಅದರ ಒಳಗೆ, ತಳ ಮುಟ್ಟುವ ತನಕ ಇಳಿದು ಇದ್ದಬದ್ದ ಫೈಲುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುತ್ತದೆ. ಶಫ್ ಎಂಬುದು ಅವನ್ನು ಇಸ್ಪೀಟಿನಂತೆ ಕಲಸಿ ಒಂದನ್ನು ಎತ್ತುತ್ತದೆ. ಎಲ್ಲ ಪದ್ಯಕ್ಕೂ ಸಮಾನ ನ್ಯಾಯ! ತಾಯಿ ಮಗಳು ಇಬ್ಬರೂ ಗೆದ್ದವರಂತೆ ಕೈಗೆ ಕೈ ಹೊಡೆದುಕೊಂಡರು.

ಆದಿತ್ಯವಾರ ಮಧ್ಯಾಹ್ನ ಸಭಾಂಗಣ ತುಂಬಿತು. ಕಲ್ಯಾಣದವರು, ಠಾಣೆಯವರು, ಮುಂಬ್ರಾದಿಂದ ಗಾಡಿ ಬದಲಿಸಿ ಬಂದವರು, ಒಬ್ಬರೇ ಇಬ್ಬರೇ! ವೇದಿಕೆಯ ಮೇಲೆ ತಾಳ ಹಿಡಿದು ರಾಯರು. ಪಕ್ಕದಲ್ಲಿ ಕೋಪರಖೈರಣೆಯ ಕಶ್ಯಪ ಭಟ್ಟರು. ಹೋದ ವರ್ಷ ಗೆದ್ದ ಭಟ್ಟರು ಈ ಸಲ ಸ್ಪರ್ಧಿಗಳ ಎದುರು ಕೂತು ಮಾತು ಕೊಡುವವರು. ಅವರ ಮಾತಿಗೆ ಆಗಲೇ ಗಂಡಸರು ಕೆಲವರು ಬೆವರಿ ಇಳಿದಿದ್ದರು. ಶ್ರೀಮತಿಯ ಹೆಸರು ಕೂಗಿದರು. ಅವಳು ಹೋಗಿ ಭಟ್ಟರ ಎದುರು ಕೂತಳು.

ಸಂಜನಾ ಕೀಲಿ ಒತ್ತಿದಳು. ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಫೈಲು ಇರುವ ದಾರಿ ಮೂಡಿತು: ಪದ್ಯ, ರಾಣಿ, ಕೋಪ, ಬೇಡ.

ಬೇಡ? ಅದ್ಯಾವ ಫೋಲ್ಡರು? ರಾಯರಿಗೆ ಗೊತ್ತಿತ್ತು. ಹಾಡಿ ತುಂಬಿಸುವಾಗ ಕೆಟ್ಟುಹೋದ ಫೈಲುಗಳನ್ನೆಲ್ಲ ಅವರು ಕೋಪದ ಒಳಗೆ ‘ಬೇಡ’ ಎಂದು ಇನ್ನೊಂದು ಫೋಲ್ಡರು ಮಾಡಿ ಅದರೊಳಗೆ ತಳ್ಳಿದ್ದರು. ಅಷ್ಟು ಆಳಕ್ಕೆ ಯಾರು ಬಂದಾರು ಎಂದುಕೊಂಡಿದ್ದರು ಪಾಪ! “ಏ, ನಿಲ್ಸು! ನಿಲ್ಸು!” ಎನ್ನುವಷ್ಟರಲ್ಲಿ ಸ್ಪೀಕರಿನಿಂದ ಅವರದೇ ಸ್ವರ ಹೊರಟಿತು. ಒಂದು ಆಲಾಪ, ಒಂದು ಕೆಮ್ಮು, ಆಮೇಲೆ ಕೂಗು:

“ಶ್ರೀಮತೀ! ಚಾ ಎಲ್ಲಿ ಮಾರಾಯ್ತಿ? ಅಲ್ಲಿ ಎಂತ ಒಬ್ಬಳೇ ಒದರುದು? ನಿನ್ನ ಅರ್ಥ ಕೇಳ್ಲಿಕ್ಕೆ ಯಾರು ಬರ್ತಾರೆ? ಕುಕ್ಕರಿಗೆ ಹೇಳು, ಅದು ಕೇಳ್ತದೆ!”

ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಸಂಜನಾಳ ಕಣ್ಣಲ್ಲಿ ನೀರು. “ಅಮ್ಮಾ, ಮಾಫ್ ಕರ್! ಎಲ್ಲಾದರ ಒಳಗೂ ಹೋಗು ಅಂತ ನಾನೇ ಅದಕ್ಕೆ ಹೇಳಿದ್ದು.”

“ಇದು ಪದ್ಯವೇ ಅಲ್ಲ. ಬೇರೆ ತೆಗಿ,” ಎಂದರು ರಾಯರು. ನಳಿನಾಕ್ಷಿಯೂ ತಲೆಯಾಡಿಸಿದರು.

ಶ್ರೀಮತಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಎಂಥ ಸಿಟ್ಟು! ಅದರ ಹಿಂದೆಯೇ ಮಾತು ಬಂತು, ಒಂದರ ಮೇಲೊಂದು, ತಡೆದರೂ ನಿಲ್ಲದಷ್ಟು. ಅವಳಿಗೆ ಖುಷಿಯಿಂದ ಮೈ ಝುಮ್ಮೆಂದಿತು.

“ಬೇರೆ ಬೇಡ,” ಎಂದಳು. “ಬಂದದ್ದು ಬಂತಲ್ಲ. ಇದಕ್ಕೇ ಹೇಳ್ತೇನೆ.”

ಸೀರೆಯ ಸೆರಗು ಸರಿಮಾಡಿಕೊಂಡು, ಕಶ್ಯಪ ಭಟ್ಟರ ಕಡೆ ತಿರುಗಿ, ರಾಣಿಯಾದಳು.

“ಪ್ರಾಣವಲ್ಲಭಾ! ಚಹಾ ಎಲ್ಲಿ ಎಂದು ಕೇಳಿದಿರಿ. ಇದೋ, ಒಲೆಯ ಮೇಲೆ ಕುದಿಯುತ್ತಿದೆ. ಪಕ್ಕದಲ್ಲಿ ನಾನೂ ಕುದಿಯುತ್ತಿದ್ದೇನೆ. ಅದು ಕುದಿದರೆ ತಮಗೆ ಪರಿಮಳ, ನಾನು ಕುದಿದರೆ ತಲೆನೋವು! ನನ್ನ ಮಾತಿಗೆ ಕುಕ್ಕರು ಸಾಕೆಂದಿರಿ. ಒಪ್ಪಿದೆ ಸ್ವಾಮೀ. ಆ ಕುಕ್ಕರು ತಮಗಿಂತ ರಸಿಕ. ಕೇಳುವಷ್ಟು ಕೇಳಿ, ತಡೆಯಲಾರದಾದಾಗ ಒಂದು ಶಿಳ್ಳೆಯಾದರೂ ಹೊಡೆಯುತ್ತದೆ.”

ಹಿಂದಿನ ಸಾಲಿನಿಂದ ಶಿಳ್ಳೆಗಳ ಸುರಿಮಳೆ! ಭಟ್ಟರು ರಾಜಗಾಂಭೀರ್ಯದಿಂದ ಕೇಳಿದರು: “ರಾಣೀ, ಅರಮನೆಯಲ್ಲಿ ನಿನಗೆ ಏನು ಕಡಿಮೆ ಮಾಡಿದ್ದೇವೆ?”

“ಏನೂ ಇಲ್ಲ ದೊರೆಯೇ. ಕೋಣೆಯ ಒಳಗೆ ಕೋಣೆ ಕಟ್ಟಿಸಿಕೊಟ್ಟಿರಿ. ರಾಣಿಗೊಂದು ಕೋಣೆ. ಅದರೊಳಗೆ ಅವಳ ಕೋಪಕ್ಕೊಂದು. ಅದರೊಳಗೆ ಇನ್ನೂ ಒಂದು, ಬಾಗಿಲ ಮೇಲೆ ‘ಬೇಡ’ ಎಂಬ ಬರಹ. ಯಾರಿಗೆ ಬೇಡ? ನನಗೆ ಬೇಡವೆಂದು ನಾನು ಎಂದಾದರೂ ಹೇಳಿದೆನೇ? ಮದುವೆಯಾಗಿ ಬಂದ ಹೊಸತರಲ್ಲಿ ತಾವು ಹಾಡಿದ್ದು ಕೇಳಿ, ಈ ಸ್ವರಕ್ಕೆ ನಾನೊಮ್ಮೆ ಮಾತು ಕಟ್ಟಬೇಕು ಎಂದು ಆಸೆಪಟ್ಟವಳು ನಾನು. ತಮ್ಮ ಸ್ವರವನ್ನು ನಾನು ಕೇಳದ ದಿನವಿಲ್ಲ. ನನ್ನ ಸ್ವರ ತಮಗೆ ಕೇಳಿಸಿದ್ದು ಚಹಾ ತಡವಾದಾಗ ಮಾತ್ರ.”

ಸಮಯ ಮುಗಿದಿತ್ತು, ನಳಿನಾಕ್ಷಿ ಗಂಟೆಯನ್ನು ಎತ್ತಿದವರು ಹಾಗೇ ಮಡಿಲಲ್ಲಿ ಇಟ್ಟುಕೊಂಡರು. ಕಶ್ಯಪ ಭಟ್ಟರು ಕೈ ಮುಗಿದರು.

“ಇದಕ್ಕೆ ಉತ್ತರ ಕೊಡುವ ರಾಜ ನಾನಲ್ಲ. ಭಾಗವತರೇ, ಪದ್ಯ ನೀವೇ ಎತ್ತಬೇಕು.”

ಬರೆದಿಟ್ಟ ಪದ್ಯ ಎಲ್ಲಿಂದ ಬರಬೇಕು? ಮದ್ದಳೆಯವರು ಮೆಲ್ಲಗೆ ಒಂದು ಪೆಟ್ಟು ಕೊಟ್ಟರು. ತಾಳ ತಾಳಕ್ಕೆ ತಾಗಿತು. ರಾಯರು ಅಲ್ಲೇ ಕಟ್ಟಿ ಹಾಡಿದರು:

ಬೇಡವೆಂದೆನು ಮುನ್ನ ತಿಳಿಯದೆ
ಆಡು ರಾಣಿಯೆ ಇನ್ನು ತಡೆಯದೆ

ಮೂರನೆಯ ಸಾಲು ಹೊಳೆಯಲಿಲ್ಲ. ಹೆಂಡತಿಯ ಬಾಯಿ ಕಟ್ಟೀತೆಂದು ಹೆದರಿದ ಮನುಷ್ಯ ತಾನೇ ಸಭೆಯ ಎದುರು ಮಾತಿಲ್ಲದೆ ಕೂತ! ಕೊನೆಗೆ ರಾಗವಿಲ್ಲ, ತಾಳವಿಲ್ಲ, ಮೈಕಿನಲ್ಲಿ ಮನೆಯ ಮಾತೇ ಬಂತು.

“ಮುಂದಿನದ್ದು ನಂಗೆ ಬರೂದಿಲ್ಲ ಮಾರಾಯ್ತಿ. ನೀನೇ ಹೇಳು. ನಾನು ಕೇಳ್ತೇನೆ.”

ಶ್ರೀಮತಿ ಕಣ್ಣೊರೆಸಿಕೊಂಡು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಸಾವಕಾಶ ಉಂಟಲ್ಲ?” ಎಂದಳು. “ಹೇಳ್ಲಿಕ್ಕೆ ತುಂಬಾ ಉಂಟು.”