ಪುಕ್ಕಟೆ ಬೀಗ

ಹೊಡೆಯುವ ಗಂಡನನ್ನು ಹೊರಗೆ ಹಾಕಿದ ಹೆಂಗಸರ ಮನೆಗೆ ಬೀಗದಂಗಡಿಯವನು ಪುಕ್ಕಟೆಯಾಗಿ ಹೊಸ ಬೀಗ ಹಾಕಿಕೊಡುತ್ತಿದ್ದ. ಆ ದಿನ ಬಟ್ಟೆ ಹೊಲಿಯುವವಳೊಬ್ಬಳ ಬಾಗಿಲಿಗೆ ಬೀಗ ಕೂರಿಸುತ್ತಿದ್ದಾಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

“ಅಯ್ಯೋ, ಅವನೇ ಅಣ್ಣಾ!” ಅವಳು ಬಿಳಿಚಿಕೊಂಡಳು.

ಬೀಗದಂಗಡಿಯವನು ಒಳಗೆ ನುಗ್ಗಿ ಬಾಗಿಲು ಮುಚ್ಚಿ, ಕೊನೆಯ ಸ್ಕ್ರೂ ಬಿಗಿದು ಬೀಗ ಹಾಕಿದ. ಹೊರಗಿನಿಂದ ಹಳೆಯ ಕೀ ಕೆರೆಯಿತು, ತಿರುಗಲಿಲ್ಲ. ಬಾಗಿಲಿಗೆ ಒದೆ ಬಿತ್ತು.

“ಯಾವನೋ ಅವನು ಒಳಗೆ?”

“ಬೀಗದಂಗಡಿಯವನು. ಪೊಲೀಸರು ಬರ್ತಿದಾರೆ,” ಎಂದು ಸುಳ್ಳು ಹೇಳಿದ. ಆ ದನಿ ತನ್ನದೇ ಅನ್ನಿಸಲಿಲ್ಲ.

ಎಷ್ಟೋ ಹೊತ್ತಿಗೆ ಬೂಟಿನ ಸದ್ದು ಕೆಳಗಿಳಿಯಿತು. ಅವನು ಹೊಸ ಕೀಗಳನ್ನೆಲ್ಲ ಅವಳ ಕೈಗಿಟ್ಟ.

“ಈಗಲೇ ಹೊರಡಬೇಡಿ ಅಣ್ಣಾ. ಕೆಳಗೇ ಕಾಯ್ತಿರ್ತಾನೆ.”

“ಹೊರಡೋಕೆ ಕಾಲಲ್ಲಿ ಜೀವ ಇರಬೇಕಲ್ಲಮ್ಮಾ,” ಎಂದು ಅವನು ಹೊಲಿಗೆ ಯಂತ್ರದ ಪಕ್ಕ ಕುಸಿದು ಕೂತ. “ಮೊದಲು ಪೊಲೀಸರಿಗೆ ನಿಜವಾಗ್ಲೂ ಫೋನ್ ಮಾಡು.”