ಭೋಗ್ಯಕ್ಕೆ ಹಾಕಿದ ಮನೆಯಲ್ಲಿ ನಿದ್ದೆ

ಹಾನಗಲ್ಲಿನ ಹೊರಗೆ ನಮ್ಮ ಹೊಸ ಜಾಗದಲ್ಲಿ ಮೇಸ್ತ್ರಿ ಸುಣ್ಣದ ಗೆರೆ ಎಳೆದು ಹೋದ ದಿನದಿಂದಲೇ ನಾನು ಅಲ್ಲಿ ಸಂಸಾರ ಶುರುಮಾಡಿದೆ. ಇನ್ನೂ ಒಂದು ಕಲ್ಲೂ ಇಟ್ಟಿರಲಿಲ್ಲ. ಆದರೂ ಒಲೆ ಎಲ್ಲಿ, ನೀರಿನ ಕೊಡ ಎಲ್ಲಿ, ಬೆಳಗಿನ ಬಿಸಿಲು ಯಾವ ಮೂಲೆಗೆ ಬೀಳುತ್ತದೆ ಎಲ್ಲವೂ ನನಗೆ ಕಾಣುತ್ತಿತ್ತು. ಒಂದು ಸಂಜೆ ನಮ್ಮ ಮನೆಯವರು, ಫಕ್ಕೀರೇಶ, ಗೆರೆ ದಾಟಿ ಸೀದಾ ಅಡುಗೆಮನೆಗೆ ಬಂದುಬಿಟ್ಟರು. ನನಗೆ ಸಿಟ್ಟು ಬಂತು.

"ಗ್ವಾಡಿ ದಾಟಿ ಬರ್ತಾರೇನ್ರಿ? ಬಾಗಲಾ ಹಾಯ್ದ ಬರ್ರಿ!"

"ಹುಚ್ಚಿ," ಎಂದು ನಕ್ಕರು. ಆದರೂ ಪುಣ್ಯಾತ್ಮ, ವಾಪಸು ಹೋಗಿ ಚಪ್ಪಲಿ ಬಿಟ್ಟು ಬಾಗಿಲಿನಿಂದಲೇ ಬಂದರು.

ನಿಜವಾದ ಗೋಡೆಗೆ ಮಾತ್ರ ದುಡ್ಡು ಬೇಕಿತ್ತು. ಬ್ಯಾಂಕಿನವರು ಅರ್ಧದಷ್ಟು ಸಾಲ ಕೊಟ್ಟರು. ಉಳಿದದ್ದಕ್ಕೆ ಪೇಟೆಯ ಹಳೇ ಮನೆ ಮಾರೋಣ ಎಂದರು ಇವರು. ನಾನು ಸುತಾರಾಂ ಒಲ್ಲೆ ಎಂದೆ. ಹಿಟ್ಟಿನ ಗಿರಣಿ ನಡೆಸಿ, ಮೂಗು ಬಾಯಿಗೆಲ್ಲ ಜೋಳದ ಹಿಟ್ಟು ತುಂಬಿಸಿಕೊಂಡು ನಾನು ಕೊಂಡ ಮನೆ ಅದು, ನನ್ನ ಹೆಸರಿನದು. ಹೊಸ ಜಾಗ ಇವರ ಅಪ್ಪನಿಂದ ಬಂದದ್ದು, ಉತಾರದ ದಾಖಲೆಯಲ್ಲಿ ಇವರೊಬ್ಬರದೇ ಹೆಸರು. ಹಳೆಯದನ್ನು ಮಾರಿದರೆ ನನ್ನದೆನ್ನಲು ಒಂದು ಮೂಲೆಯೂ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆ.

ಕೊನೆಗೆ ಭೋಗ್ಯಕ್ಕೆ ಹಾಕಿದೆವು. ಒಂದೇ ಗಂಟಿನಲ್ಲಿ ಹಣ ತೆಗೆದುಕೊಂಡು ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವುದು. ಆಮೇಲೆ ಹಣ ಹಿಂತಿರುಗಿಸಿದರೆ ಮನೆ ವಾಪಸು. ಬಳೆ ಮಾರುವ ಹಾಜರಾಬಿ ತನ್ನ ಮಗ ಮತ್ತು ಬಸುರಿ ಸೊಸೆ ತಹಮೀನಾಳ ಜೊತೆ ಬಂದು ಸೇರಿದಳು. ನಾವು ಹೊಸ ಜಾಗದ ತಗಡಿನ ಶೆಡ್ಡಿಗೆ ಹೋದೆವು.

ಗೋಡೆ ಎದ್ದವು. ಸ್ಲ್ಯಾಬಿಗೆ ದುಡ್ಡು ಸಾಲದೆ ಕೆಲಸ ನಿಂತಿತು. ಶೆಡ್ಡಿನಲ್ಲಿ ನನಗೆ ನಿದ್ದೆಯೆಂಬುದೇ ಇಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ಗಿರಣಿ ನಿಲ್ಲಿಸಿ ಹೊರಟವಳನ್ನು ಕಾಲುಗಳೇ ನಡೆಸಿಕೊಂಡು ಹೋದವು. ಬಾಗಿಲು ತಳ್ಳಿದೆ, ಸೆರಗಿನ ಹಿಟ್ಟು ಕೊಡವಿದೆ, ನೀರು ಕುಡಿದೆ, ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಒರಗಿದೆ. ಎಂಥ ನಿದ್ದೆ ಅಂತೀರಿ! ಹೊಸ ಮನೆಯ ಕಿಟಕಿಗಳು ಒಂದೊಂದಾಗಿ ನಡೆದು ಬಂದು ಹಳೇ ಗೋಡೆಗಳಲ್ಲಿ ಕೂರುತ್ತಿದ್ದವು. ಅವುಗಳಾಚೆ ಭತ್ತದ ಗದ್ದೆ ತೂಗುತ್ತಿತ್ತು. ಕಣ್ಣು ಬಿಟ್ಟರೆ ತಲೆಯಡಿ ಯಾರದೋ ದಿಂಬು, ಪಕ್ಕದಲ್ಲಿ ತಹಮೀನಾ ಕುಳಿತು ಗಾಳಿ ಬೀಸುತ್ತಿದ್ದಾಳೆ.

ಅಯ್ಯೋ ಶಿವನೇ! ಪರರಿಗೆ ಬಿಟ್ಟುಕೊಟ್ಟ ಮನೆಗೆ ಕೇಳದೆ ಹೊಕ್ಕು ಮಲಗಿದ್ದೆ. ನಾಚಿಕೆಯಿಂದ ಹಿಡಿಯಷ್ಟಾದೆ.

"ಮಕ್ಕೊಳ್ರಿ ಅಕ್ಕಾರ, ಯಾಕ ಏಳ್ತೀರಿ? ಭಾಳ ದಣದೀರಿ," ಎಂದು ಹಾಜರಾಬಿ ಚಹಾ ತಂದಳು. ನಾನು ಕುಡಿದು ಮುಗಿಸುವವರೆಗೂ ಕಾದು, ಮೆಲ್ಲಗೆ ಕೇಳಿದಳು: "ಈ ಮನಿ ನಮಗ ಮಾರಿಬಿಡ್ರಿ. ಕೂಸು ಹುಟ್ಟೂ ಮನಿ ಬಿಟ್ಟ ಏಳೂದು ಬ್ಯಾಡ ಅನಸ್ತೈತ್ರಿ."

ಸಿಟ್ಟು ಮಾಡಬೇಕೆಂದುಕೊಂಡೆ, ಬರಲಿಲ್ಲ. ಆ ಬಸುರಿ ಹುಡುಗಿ ನನ್ನ ನಿದ್ದೆ ಕೆಡದಂತೆ ಕಾದು ಕುಳಿತಿದ್ದಳು.

ಸಂಜೆ ಹೊಸ ಮನೆಯ ಸೂರಿಲ್ಲದ ಪಡಸಾಲೆಯಲ್ಲಿ ಇವರಿಗೆ ಹೇಳಿದೆ: "ಮಾರೂಣ್ರಿ. ಆದರ ಮದಲ ಈ ಜಾಗಾದ ಉತಾರದಾಗ ನನ್ನ ಹೆಸರೂ ಹಾಕಸ್ರಿ."

ಇವರ ಮುಖ ಸಣ್ಣದಾಯಿತು. "ನನ್ನ ಮ್ಯಾಲೆ ನಂಬಿಗಿ ಇಲ್ಲೇನ?"

"ಐತ್ರಿ. ಆದರ ನಂದಲ್ಲದ ಜಾಗಾದಾಗ ನಿದ್ದಿ ಬರವಲ್ತು. ನಿಮಗ ಹೆಂಗ ತಿಳೀಬೇಕು? ಹನ್ನೊಂದ ವರ್ಷ ನನ್ನ ಹೆಸರಿನ ಮನ್ಯಾಗ ಹಾಯಾಗಿ ಮಕ್ಕೊಂಡ್ರಿ."

ಇವರು ತಲೆಯೆತ್ತಿ ನೋಡಿದರು. ಮೇಲೆ ಮೋಡಗಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದವು.

"ಎಲ್ಲಿ ಹಾಯಾಗಿ?" ಎಂದರು. "ಕಣ್ಣ ಮುಚ್ಚಿ ಬಿದ್ದಿರ್ತಿದ್ದೆ, ಅಷ್ಟ. ಈ ಮನಿ ಕಟ್ಟಾಕ ಯಾಕ ಗಂಟ ಬಿದ್ದೇನಿ ಅನಕೊಂಡಿ?"

ನನಗೆ ಅಳು ಬಂತು. ಹನ್ನೊಂದು ವರ್ಷ ಒಂದೇ ಕೌದಿಯಡಿ ಮಲಗಿದ್ದೆವು, ನನಗೆ ಗೊತ್ತೇ ಆಗಿರಲಿಲ್ಲ.